ದೊಡ್ಡ ಡಾಕ್ಟ್ರ ಫೋನು

ನನ್ನ ಬಾಯಲ್ಲಿ ಸಾದಾ ಮಾತು ಬರುವುದು ಅಪರೂಪ. ಕಡೂರು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಟೀ ಕೇಳಬೇಕಾದರೂ ಟೇಬಲ್ ಕುಟ್ಟಿ, "ಇದು ಬರೀ ಟೀ ಅಲ್ಲ ಕಣೋ, ಹತ್ತು ವರ್ಷದ ಸೇಡು! ಸಕ್ಕರೆ ಕಮ್ಮಿ ಹಾಕು" ಎಂದೇ ಕೇಳುವುದು. ಅಂಗಡಿ ಓಪನಿಂಗ್, ಪೋಲಿಯೊ ಹನಿ, ಕರೆಂಟ್ ಕಟ್, ಏನೇ ಇದ್ದರೂ ವ್ಯಾನಿನ ಮೇಲೆ ಎರಡು ಮೈಕ್ ಕಟ್ಟಿಕೊಂಡು ಸಿಂಗಟಗೆರೆಯಿಂದ ಬೀರೂರಿನವರೆಗೆ ಕೂಗಿಕೊಂಡು ಹೋಗುವ ದುಷ್ಯಂತ ನಾನೇ. ಯಾರ ದನಿಯನ್ನಾದರೂ ಐದು ನಿಮಿಷ ಕೇಳಿದರೆ ಸಾಕು, ಆರನೇ ನಿಮಿಷಕ್ಕೆ ಅದು ನನ್ನ ಗಂಟಲಲ್ಲಿರುತ್ತದೆ.

ಈ ವಿದ್ಯೆಗೆ ಅತಿ ಹೆಚ್ಚು ಸಲ ಬಲಿಯಾದವನು ನನ್ನ ದೊಡ್ಡಪ್ಪ ಕೆಂಚಪ್ಪ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನೂ ಅವನೇ. ಸಿಂಗಟಗೆರೆಯ ಹತ್ತಿರ ಒಂದಿಷ್ಟು ಹೊಲ, ಮೂವತ್ತು ತೆಂಗಿನಮರ ಇವೆ. ಆದರೆ ಸುತ್ತ ಹತ್ತೂರಿಗೆ ಅವನು ಗೊತ್ತಿದ್ದದ್ದು ಬೇರೆ ಕೆಲಸದಿಂದ. ಹೋರಿಗಳ ಬೀಜ ಒಡೆಯುವುದು. ಹೋರಿಯನ್ನು ಹಗ್ಗ ಹಾಕಿ ಕೆಡವಿ, ಕಬ್ಬಿಣದ ಇಕ್ಕಳದಲ್ಲಿ ನರ ಒತ್ತಿ, ಎತ್ತು ಮಾಡಿ ಎಬ್ಬಿಸುತ್ತಿದ್ದ. ನಲವತ್ತು ವರ್ಷ ಅದನ್ನು ಮಾಡಿದ. ಒಮ್ಮೆ ನಾನು ಅಜ್ಜಂಪುರದ ದನದ ಡಾಕ್ಟರ ದನಿಯಲ್ಲಿ ಫೋನ್ ಮಾಡಿ, "ಎಮ್ಮೆದೊಡ್ಡಿ ಕಾವಲಲ್ಲಿ ಹನ್ನೆರಡು ಹೋರಿ ಕಾಯ್ತಾ ಇವೆ, ಬೇಗ ಬಾ ಕೆಂಚಪ್ಪ" ಎಂದಿದ್ದೆ. ಇಕ್ಕಳ ಹೆಗಲಿಗೆ ಹಾಕಿಕೊಂಡು ಅಷ್ಟು ದೂರ ಹೋಗಿ, ಒಂದು ಹೋರಿಯನ್ನೂ ಕಾಣದೆ ವಾಪಸ್ ಬಂದ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಕಟ್ಟೆಯ ಮೇಲೆ ಕೂತು ತಾನೇ ಎಲ್ಲರಿಗೂ ಹೇಳಿ ನಗಿಸಿದ.

ಹೋದ ವರ್ಷದಿಂದ ಅವನಿಗೆ ಉಚ್ಚೆ ಕಟ್ಟತೊಡಗಿತು. ಗಂಟೆಗೊಂದು ಸಲ ಎದ್ದು ಹೋಗುತ್ತಿದ್ದ, ಗೋಡೆ ಹಿಡಿದು ಬಹಳ ಹೊತ್ತು ನಿಲ್ಲುತ್ತಿದ್ದ. ವಯಸ್ಸಾಯ್ತು ಎಂದು ಎಲ್ಲರೂ ಸುಮ್ಮನಿದ್ದೆವು. ಆಮೇಲೆ ಬೆನ್ನು ನೋವು ಬಂತು. ಅದು ಎಂಥ ನೋವು ಎಂದರೆ, ಹೋರಿಯ ಕೊಂಬು ಹಿಡಿದು ಮಣಿಸುತ್ತಿದ್ದ ಮನುಷ್ಯ ಚಪ್ಪಲಿ ಹಾಕಿಕೊಳ್ಳಲು ದೊಡ್ಡಮ್ಮನನ್ನು ಕರೆಯತೊಡಗಿದ. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ, ಸ್ಕ್ಯಾನು, ಸೂಜಿ ಹಾಕಿ ತೆಗೆದ ಚೂರಿನ ಪರೀಕ್ಷೆ, ಎಲ್ಲಾ ಆಯಿತು.

ರಿಪೋರ್ಟ್ ಬಂದ ದಿನ ದೊಡ್ಡಪ್ಪ ಬೆನ್ನು ತಡೆಯಲಾರದೆ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿದ್ದ. ಡಾಕ್ಟರ್ ವಿಶ್ವಾರಾಧ್ಯರ ಎದುರು ಕೂತವರು ನಾನು ಮತ್ತು ದೊಡ್ಡಮ್ಮ ಕರಿಯಮ್ಮ ಇಬ್ಬರೇ.

ಡಾಕ್ಟರದು ಸ್ವಲ್ಪ ಒಡೆದ ದನಿ. ಪ್ರತಿ ಮಾತಿನ ಕೊನೆಗೂ "ಆಯ್ತಾ?" ಎನ್ನುತ್ತಿದ್ದರು.

"ಪ್ರಾಸ್ಟೇಟ್ ಅಂತ ಒಂದು ಗ್ರಂಥಿ. ಗಂಡಸರಿಗೆ ಮೂತ್ರಚೀಲದ ಕೆಳಗೆ ಇರುತ್ತೆ. ಅದರಲ್ಲಿ ಕ್ಯಾನ್ಸರ್. ಅಲ್ಲೇ ಇದ್ದಿದ್ರೆ ಗ್ರಂಥಿನೇ ತೆಗೀಬಹುದಿತ್ತು, ಇಲ್ಲ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡಬಹುದಿತ್ತು. ಕೆಲವರಿಗೆ ಅದು ಎಷ್ಟು ನಿಧಾನ ಅಂದ್ರೆ, ಏನೂ ಮಾಡದೆ ಬರೀ ನೋಡ್ತಾ ಇರ್ತೀವಿ. ಇವರಿಗೆ ಬೆನ್ನುಮೂಳೆಗೆ ಹೋಗಿದೆ. ಆಯ್ತಾ? ಪೂರ್ತಿ ವಾಸಿ ಮಾಡ್ತೀನಿ ಅಂತ ಹೇಳಲ್ಲ. ಹಿಡಿದು ನಿಲ್ಲಿಸಬಹುದು. ಈ ಕಾಯಿಲೆಗೆ ಆಹಾರ ಅಂದ್ರೆ ಗಂಡಸಿನ ಹಾರ್ಮೋನು. ಅದನ್ನ ನಿಲ್ಲಿಸಬೇಕು. ಎರಡು ದಾರಿ ಇದೆ. ಮೂರು ತಿಂಗಳಿಗೊಂದು ಇಂಜೆಕ್ಷನ್, ಬದುಕಿರೋವರೆಗೂ. ಅಥವಾ ಒಂದೇ ಸಲ ಸಣ್ಣ ಆಪರೇಷನ್, ವೃಷಣ ತೆಗೆಯೋದು. ಎರಡರ ಫಲಾನೂ ಹೆಚ್ಚೂಕಮ್ಮಿ ಒಂದೇ. ಯಾವುದು ಮಾಡಿದ್ರೂ ಜೊತೆಗೆ ಮಾತ್ರೆ."

ದೊಡ್ಡಮ್ಮ ನನ್ನ ಮುಖ ನೋಡಿದಳು. "ಅದೇನೋ ಅದು, ತೆಗೆಯೋದು ಅಂದ್ರಲ್ಲ?"

"ಬೀಜ ದೊಡ್ಡಮ್ಮ," ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ, "ಎಷ್ಟು ದಿನ ಇರ್ತಾರೆ ಸ್ವಾಮಿ?" ಎಂದಳು.

"ದಿನ ಅಲ್ಲಮ್ಮ, ವರ್ಷ ಅನ್ನಿ. ಕೆಲವರು ಎರಡು ಮೂರು, ಕೆಲವರು ಐದು ದಾಟ್ತಾರೆ, ಇನ್ನೂ ಮೇಲೂ ಇರೋರಿದ್ದಾರೆ. ಇವರಿಗೆ ಇಷ್ಟೇ ಅಂತ ಯಾರೂ ಹೇಳಕ್ಕಾಗಲ್ಲ. ತಡ ಮಾಡಬೇಡಿ. ಸೋಮವಾರ ಅಡ್ಮಿಟ್ ಮಾಡಿ. ಅವರಿಗೆ ನಾನೇ ಕೂತು ಎಲ್ಲಾ ಹೇಳ್ತೀನಿ, ಆಯ್ತಾ?"

ವಾಪಸ್ ಬರುವಾಗ ದೊಡ್ಡಪ್ಪ ಕೇಳಿದ. "ಏನಂತೋ?" ನಾನು ಬಾಯಿಗೆ ಬಂದದ್ದನ್ನು ಒಗೆದೆ. "ಡಾಕ್ಟ್ರು ಹೇಳಿದ್ರು, ಈ ಬಾಡೀಲಿ ಇರೋದು ಕಾಯಿಲೆ ಅಲ್ಲ, ಕಾಯಿಲೆಗೇ ಬಂದಿರೋ ಕೆಟ್ಟ ಕಾಲ!" ದೊಡ್ಡಪ್ಪ ನಕ್ಕು, ನೋವಿಗೆ ಹಲ್ಲು ಕಚ್ಚಿದ.

ಮಾರನೇ ದಿನ ಅವನು ಹೊಲದ ಕಡೆ ಹೋದಾಗ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದಳು.

"ಅವರಿಗೆ ಹೇಳಿದ್ರೆ ಒಪ್ಪಲ್ಲ ಕಣೋ. ಊಟ ಬಿಟ್ಟು ಸಾಯ್ತಾರೆ. ಎಮ್ಮೆದೊಡ್ಡಿ ಹೋರಿ ಕತೆ ಗೊತ್ತಲ್ಲ ನಿಂಗೆ?"

ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ. ಬೆಳ್ಳನೆಯ ದೊಡ್ಡ ಹೋರಿ. ದೊಡ್ಡಪ್ಪ ಬೀಜ ಒಡೆದ ಮೇಲೆ ಅದು ಹುಲ್ಲು ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ, ಅಲ್ಲಿಯ ಹುಲ್ಲುಗಾವಲಿನ ಒಂದು ಮರದ ಕೆಳಗೆ ಒಂಬತ್ತು ದಿನ ನಿಂತು ಸತ್ತಿತು. 'ಅದಕ್ಕೆ ಮನಸ್ಸು ಮುರೀತು. ನಾನಾಗಿದ್ರೂ ಹಂಗೇ ಸಾಯ್ತಿದ್ದೆ' ಎಂದು ದೊಡ್ಡಪ್ಪ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ.

"ಇಂಜೆಕ್ಷನ್ ಐತಲ್ಲ ದೊಡ್ಡಮ್ಮ?"

"ಮೂರು ತಿಂಗಳಿಗೊಂದ್ಸಲ ಯಾಕೆ, ಏನು ಅಂತ ಕೇಳ್ದೆ ಇರ್ತಾರಾ? ಒಂದಲ್ಲ ಒಂದಿನ ಗೊತ್ತಾಗಿ ಬಿಟ್ಬಿಡ್ತಾರೆ. ಆಪರೇಷನ್ ಆದ್ರೆ ಆಗೋಯ್ತು. ಉಚ್ಚೆ ದಾರಿ ಸರಿ ಮಾಡೋ ಆಪರೇಷನ್ ಅಂತ ನೀನೇ ಆ ಡಾಕ್ಟ್ರ ದನೀಲಿ ಫೋನ್ ಮಾಡು. ಅವರೇ ಹೇಳಿದ್ರು ಅಂದ್ರೆ ಇವರು ಮತ್ತೆ ಯಾರನ್ನೂ ಕೇಳಲ್ಲ. ಆಸ್ಪತ್ರೆಯೋರಿಗೆ, ಇವರಿಗೆ ನಾವೇ ಎಲ್ಲಾ ಹೇಳಿದೀವಿ, ಆಪರೇಷನ್ನೇ ಸಾಕಂತೆ ಅನ್ನೋಣ. ಆಮೇಲೆ ಗೊತ್ತಾದ್ರೆ ಬೈಯ್ಲಿ ಬಿಡು. ಬದುಕಿದ್ದು ಬೈಯ್ಲಿ."

ಆ ಕೊನೆಯ ಮಾತು ಕೇಳಿ ಒಪ್ಪಿಕೊಂಡೆ. ತೆಂಗಿನತೋಟದ ಆಚೆ ವ್ಯಾನಿನಲ್ಲಿ ಕೂತು, ಬೇರೆ ನಂಬರಿನಿಂದ ಫೋನ್ ಮಾಡಿದೆ. "ಕೆಂಚಪ್ಪನವರೇ, ಡಾಕ್ಟರ್ ವಿಶ್ವಾರಾಧ್ಯ ಮಾತಾಡ್ತಿರೋದು. ಮೂತ್ರದ ದಾರಿಗೆ ಒಂದು ಸಣ್ಣ ಆಪರೇಷನ್, ಆಯ್ತಾ? ಭಯ ಪಡಬೇಡಿ, ಆಯ್ತಾ?" ಆ ಕಡೆ ದೊಡ್ಡಪ್ಪ ಹೊಲದಲ್ಲಿ ಎದ್ದು ನಿಂತದ್ದು ನನಗೆ ದೂರದಿಂದ ಕಾಣುತ್ತಿತ್ತು. ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. "ಆಗ್ಲಿ ಸ್ವಾಮಿ. ನೀವು ಹೇಳಿದ ಮೇಲೆ ಮುಗೀತು. ಅಷ್ಟು ದೊಡ್ಡೋರು ಫೋನ್ ಮಾಡಿದ್ರಲ್ಲ ಸ್ವಾಮಿ," ಎಂದ.

ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ನಾನು ತೆಗೆದಿರಲಿಲ್ಲ. ಫೋನ್ ಇಟ್ಟ ಮೇಲೆ ಬೆವರು ಒರೆಸಿಕೊಂಡೆ.

ಸೋಮವಾರ ಬೆಳಿಗ್ಗೆ ವಾರ್ಡಿನಲ್ಲಿ ಮಂಚ ಸಿಕ್ಕಿತು. ಪಕ್ಕದ ಮಂಚದಲ್ಲಿ ಲಿಂಗದಹಳ್ಳಿಯ ರಂಗಯ್ಯ, ಕಿಡ್ನಿ ಕಲ್ಲಿಗೆ ಬಂದವರು. ಹತ್ತು ನಿಮಿಷದಲ್ಲಿ ದೊಡ್ಡಪ್ಪನಿಗೆ ದೋಸ್ತಾದರು.

"ನಿಂಗೆ ಯಾವ ಡಾಕ್ಟ್ರಪ್ಪಾ?" ರಂಗಯ್ಯ ಕೇಳಿದರು.

"ವಿಶ್ವಾರಾಧ್ಯ ಡಾಕ್ಟ್ರು. ಹೊಲದಲ್ಲಿದ್ದೆ ಕಣಪ್ಪಾ, ನಂಗೇ ಖುದ್ದು ಫೋನ್ ಮಾಡಿದ್ರು. ಭಯ ಪಡಬೇಡಿ ಕೆಂಚಪ್ಪನವರೇ ಅಂದ್ರು. ಕೆಂಚಪ್ಪನವರೇ!"

"ಅಯ್ಯೋ ನಿನ್ ಪುಣ್ಯ ಬಿಡು. ಮೂರು ದಿನದಿಂದ ಬಿದ್ದಿದೀನಿ, ಆವಯ್ಯ ನಂಗೆ ಸರಿಯಾಗಿ ಮುಖಾನೇ ತೋರ್ಸಿಲ್ಲ."

ಹಾಲು ತಂದವನಿಗೆ, ನೆಲ ಒರೆಸುವವಳಿಗೆ, ಎದುರು ಮಂಚದ ರೋಗಿಗೆ, ಎಲ್ಲರಿಗೂ ದೊಡ್ಡಪ್ಪ ಆ ಫೋನಿನ ಸಂಗತಿ ಹೇಳಿದ. ಒಂದೊಂದು ಸಲ ಹೇಳುವಾಗಲೂ ಎದೆ ಸೆಟೆಸಿ ಕೂರಲು ನೋಡಿ, ಬೆನ್ನು ಹಿಡಿದು ಮತ್ತೆ ಬಾಗುತ್ತಿದ್ದ. ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಡಾಕ್ಟರ್ ಬಂದ ಕೂಡಲೇ ಇವನು ಫೋನಿಗೆ ಥ್ಯಾಂಕ್ಸ್ ಹೇಳುತ್ತಾನೆ, ಸಿಕ್ಕಿಬೀಳುತ್ತೇನೆ ಎನ್ನುವ ಹೆದರಿಕೆ ನನಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಸ್ಪಂದನಾ ಎನ್ನುವ ಸಿಸ್ಟರು ಒಂದು ಫಾರಂ ಹಿಡಿದು ಬಂದಳು.

"ತಾತ, ಏನ್ ಆಪರೇಷನ್ ಅಂತ ಗೊತ್ತಲ್ಲ? ಡಾಕ್ಟ್ರು ಹೇಳಿದಾರಾ?"

"ಎಲ್ಲಾ ಗೊತ್ತಮ್ಮ. ಫೋನಲ್ಲೇ ಹೇಳಿದಾರೆ."

"ಫೋನಲ್ಲಾ?" ಸಿಸ್ಟರ ಹುಬ್ಬು ಗಂಟಾಯಿತು.

ದೊಡ್ಡಪ್ಪ ಅಷ್ಟರಲ್ಲಿ ಪೆನ್ನು ತೆಗೆದುಕೊಂಡು ಫಾರಮ್ಮಿನ ಕೆಳಗೆ ಸಹಿ ಶುರು ಮಾಡಿದ್ದ. ನಾಲ್ಕನೇ ಕ್ಲಾಸು ಓದಿದವನು. ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆಯುತ್ತಾನೆ. 'ಕೆಂ' ಆಯಿತು. 'ಚ'ಕ್ಕೆ ಪೆನ್ನು ಊರಿದಾಗ ನಾನು ಕಾಗದದ ಮೇಲೆ ಅಂಗೈ ಇಟ್ಟೆ.

"ಬೇಡ ದೊಡ್ಡಪ್ಪ. ಫೋನ್ ಮಾಡಿದ್ದು ಡಾಕ್ಟ್ರಲ್ಲ. ನಾನು."

ಅವನು ಜೋರಾಗಿ ನಕ್ಕ. "ನೋಡಮ್ಮ ಸಿಸ್ಟ್ರೇ, ಈ ನನ್ಮಗ ಆಸ್ಪತ್ರೆಗೆ ಬಂದ್ರೂ ಬಿಡಲ್ಲ. ಲೇ, ಕೈ ತಗಿಯೋ."

"ಸತ್ಯವಾಗ್ಲೂ ದೊಡ್ಡಪ್ಪ."

"ನಿನ್ ಸತ್ಯ ನಂಗೊತ್ತಿಲ್ವಾ? ಇದ್ಯಾವ ಪಿಚ್ಚರ್ ಡೈಲಾಗು?"

ರಂಗಯ್ಯನವರೂ ನಕ್ಕರು. ಅವನನ್ನು ನಂಬಿಸುವ ದಾರಿ ಒಂದೇ ಉಳಿದಿತ್ತು. ಡಾಕ್ಟರ ಆ ಒಡೆದ ದನಿ ತೆಗೆದೆ. "ಕೆಂಚಪ್ಪನವರೇ, ಒಂದು ಸಣ್ಣ ಆಪರೇಷನ್, ಆಯ್ತಾ? ಭಯ ಪಡಬೇಡಿ, ಆಯ್ತಾ?"

ನಗು ಅವನ ಮುಖದಿಂದ ಒಂದೇ ಸಲಕ್ಕೆ ಹೋಗಲಿಲ್ಲ. ತುಟಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು, ಕಣ್ಣಿನಲ್ಲಿ ಆಗಲೇ ಆರಿತ್ತು.

"ನಿಂಗೆ ಕ್ಯಾನ್ಸರ್ ಐತೆ ದೊಡ್ಡಪ್ಪ. ಉಚ್ಚೆ ಚೀಲದ ಕೆಳಗೆ. ಬೆನ್ನಿಗೆ ಹೋಗಿದೆ. ಇವತ್ತು ಉಚ್ಚೆ ದಾರಿ ಸರಿ ಮಾಡಲ್ಲ. ಬೀಜ ತೆಗೀತಾರೆ."

ರಂಗಯ್ಯ ಆ ಕಡೆ ಮಗ್ಗುಲಾದರು. ದೊಡ್ಡಪ್ಪ ಪೆನ್ನಿನ ಮುಚ್ಚಳ ಹಾಕಿ ಸಿಸ್ಟರ ಕೈಗೆ ಕೊಟ್ಟ. "ಸ್ವಲ್ಪ ಹೊತ್ತು ಬಿಟ್ಟು ಬಾರಮ್ಮ," ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಿದ್ದ ಬೆನ್ನನ್ನು ಕೇಳಿದ.

"ನಿಂಗೂ ಗೊತ್ತಿತ್ತಾ?"

"ನಾನೇ ಮಾಡ್ಸಿದ್ದು," ದೊಡ್ಡಮ್ಮ ತಿರುಗದೆ ಹೇಳಿದಳು. "ಅವನನ್ನ ಏನೂ ಅನ್ಬೇಡಿ."

"ನಲವತ್ತು ವರ್ಷ ಕಣೇ. ಒಂದು ಹೋರಿಗೂ ಹುಲ್ಲು ತೋರ್ಸಿ ಹಗ್ಗ ಹಾಕಿಲ್ಲ ನಾನು. ಮೊದ್ಲು ಹಗ್ಗ ಮೂಸಿಸ್ತಿದ್ದೆ. ದನಕ್ಕೆ ಅಷ್ಟು ಮರ್ಯಾದೆ ಕೊಟ್ಟೋನಿಗೆ..."

"ಮತ್ತೆ ನೀವೇ ಹೇಳ್ತಿದ್ರಲ್ಲ!" ದೊಡ್ಡಮ್ಮ ಈಗ ತಿರುಗಿದಳು. ಮುಖವೆಲ್ಲಾ ಒದ್ದೆಯಾಗಿತ್ತು. "ಎಮ್ಮೆದೊಡ್ಡಿ ಹೋರಿ ಒಂಬತ್ತು ದಿನ ನಿಂತು ಸತ್ತೋಯ್ತು, ಮನಸ್ಸು ಮುರೀತು, ನಾನಾಗಿದ್ರೂ ಹಂಗೇ ಅಂತ. ಇಪ್ಪತ್ತು ವರ್ಷ ಹೇಳಿದ್ರಿ. ನಾನು ಏನಂತ ತಿಳ್ಕಳ್ಳಿ?"

ದೊಡ್ಡಪ್ಪ ಹಾಸಿಗೆಯ ಅಂಚು ಹಿಡಿದುಕೊಂಡ. ನಾನು ಮನಸ್ಸಿನಲ್ಲೇ ಒಂದು ಸೀನು ಕಟ್ಟಿಕೊಂಡಿದ್ದೆ. ಇಷ್ಟು ಹೋರಿಗೆ ಮಾಡಿದ ಪಾಪ ಈಗ ನನಗೆ ಸುತ್ತಿಕೊಂಡಿತು ಎಂದು ಅವನು ಅಳುತ್ತಾನೆ, ನಾವೆಲ್ಲಾ ಅಳುತ್ತೇವೆ ಎಂದು. ಅವನು ಅದನ್ನು ಹೇಳಲಿಲ್ಲ.

"ಅದು ಸುಳ್ಳು ಕಣೇ," ಎಂದ.

"ಏನು?"

"ಹೋರಿಗೆ ಮನಸ್ಸು ಮುರಿಲಿಲ್ಲ. ಅವತ್ತು ನನ್ನ ಇಕ್ಕಳ ಜಾರಿತ್ತು. ಚರ್ಮಕ್ಕೆ ಬಿದ್ದು ಗಾಯ ಆಯ್ತು. ಹುಳ ಬಿತ್ತು. ಮೂರು ದಿನ ನಾನು ಹೋಗಿ ನೋಡ್ಲಿಲ್ಲ. ನೋಡಿದ್ರೆ ಉಳೀತಿತ್ತು. ಕೆಂಚಪ್ಪನ ಕೈ ತಪ್ತು ಅಂದ್ರೆ ಯಾರು ಕರೀತಾರೆ ಅಂತ ಆ ಕತೆ ಕಟ್ಟಿದೆ. ಹೇಳ್ತಾ ಹೇಳ್ತಾ ನಂಗೇ ನಿಜ ಅನ್ನಿಸ್ತಿತ್ತು." ಉಸಿರು ಬಿಟ್ಟ. "ಎತ್ತಿಗೂ ನಂಗೂ ಏನೇ ಸಂಬಂಧ? ಅವನ್ನ ನಾವು ನೊಗಕ್ಕೆ ಹೂಡಕ್ಕೆ ಅಂತ ಮಾಡಿದ್ದು. ಈ ಡಾಕ್ಟ್ರು ನಾನು ಬದುಕ್ಲಿ ಅಂತ ಮಾಡೋದು. ಅಷ್ಟು ತಿಳಿಯಲ್ವಾ ನಂಗೆ? ಕೇಳ್ಬೇಕಿತ್ತು ನನ್ನ."

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಡಾಕ್ಟರ್ ಬಂದರು. ಸಿಸ್ಟರ್ ಎಲ್ಲಾ ಹೇಳಿದ್ದಳೆಂದು ಕಾಣುತ್ತದೆ. ನನ್ನನ್ನು ಒಂದು ಸಲ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲು ಎಳೆದುಕೊಂಡು ದೊಡ್ಡಪ್ಪನ ಮುಂದೆ ಕೂತು, ಮೊದಲಿನಿಂದ ಎಲ್ಲವನ್ನೂ ಹೇಳಿದರು. ದೊಡ್ಡಪ್ಪ ಮಧ್ಯೆ ಮಧ್ಯೆ ಕೇಳಿದ, ಕಸುಬುದಾರ ಕಸುಬುದಾರನನ್ನು ಕೇಳುವ ಹಾಗೆ.

"ನೀವು ನರ ಒತ್ತಿ ಬಿಡ್ತೀರೋ, ಕೊಯ್ದು ತೆಗೀತೀರೋ?"

"ಕೊಯ್ದು ತೆಗೀತೀವಿ. ನರ ಗಂಟು ಹಾಕ್ತೀವಿ. ಮೇಲಿನ ಚರ್ಮದ ಚೀಲ ಹಾಗೇ ಇರುತ್ತೆ."

"ರಕ್ತ?"

"ಜಾಸ್ತಿ ಇಲ್ಲ. ಅರ್ಧ ಮುಕ್ಕಾಲು ಗಂಟೆ ಕೆಲಸ. ಒಂದೆರಡು ದಿನಕ್ಕೆ ಮನೆಗೆ ಹೋಗಬಹುದು, ಆಯ್ತಾ?"

"ಇಂಜೆಕ್ಷನ್ ಹಾಕಿದ್ರೆ?"

"ಅದೂ ಅದೇ ಕೆಲಸ ಮಾಡುತ್ತೆ. ಶುರುಗೆ ಕೆಲವು ದಿನ ಮಾತ್ರೆ ಜೊತೆಗಿರಬೇಕು. ಆದರೆ ತಪ್ಪಿಸೋ ಹಾಗಿಲ್ಲ. ಬಿಟ್ಟರೆ ಹಾರ್ಮೋನು ವಾಪಸ್ ಬರುತ್ತೆ, ಕಾಯಿಲೇನೂ ಬರುತ್ತೆ."

"ಎರಡ್ರಲ್ಲೂ ಮೈ ಏನಾಗುತ್ತೆ?"

"ಸುಸ್ತು. ಇದ್ದಕ್ಕಿದ್ದ ಹಾಗೆ ಮೈಯೆಲ್ಲಾ ಬಿಸಿ ಏರಿ ಬೆವರುತ್ತೆ. ಮೂಳೆ ಸವೆಯುತ್ತೆ, ಅದಕ್ಕೆ ಮಾತ್ರೆ ಇದೆ. ಗಂಡ ಹೆಂಡತಿ ಸಂಬಂಧದ ಆಸೆ ಹೋಗುತ್ತೆ."

ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡಿದ. ಅವಳು, "ಅದಕ್ಕೇನೀಗ," ಎಂದು ಮಂಚದ ಮೇಲಿನ ಬೆಡ್‌ಶೀಟ್ ಎಳೆದು ಸರಿ ಮಾಡಿದಳು.

"ನಂಗೆ ಆಪರೇಷನ್ನೇ ವಾಸಿ ಅನ್ನಿಸುತ್ತೆ ಸ್ವಾಮಿ. ಒಂದೇ ಸಲಕ್ಕೆ ಮುಗೀತದೆ," ದೊಡ್ಡಪ್ಪ ನಿಧಾನವಾಗಿ ಹೇಳಿದ. "ಆದ್ರೆ ಇವತ್ತು ಬೇಡ. ಇವತ್ತು ನಾನು ಮಲಗೋಕೆ ಬಂದಿದ್ದು ಬೇರೆ ಯಾವುದಕ್ಕೋ. ಇವತ್ತು ಇಂಜೆಕ್ಷನ್ ಹಾಕಿ. ಮೂರು ತಿಂಗಳು ಟೈಮ್ ಸಿಗುತ್ತಲ್ಲ? ಅಷ್ಟ್ರಲ್ಲಿ ನಾನೇ ಯೋಚ್ನೆ ಮಾಡಿ, ನಾನೇ ಬಂದು ಹೇಳ್ತೀನಿ."

"ಖಂಡಿತ," ಎಂದರು ಡಾಕ್ಟರ್. "ಅದು ನಿಮ್ಮ ಹಕ್ಕು." ಆ ಮಾತಿಗೆ ಅವರು ಆಯ್ತಾ ಸೇರಿಸಲಿಲ್ಲ.

ಮಾತ್ರೆಯಾಯಿತು. ಹೊಟ್ಟೆಯ ಚರ್ಮ ಹಿಡಿದು ಇಂಜೆಕ್ಷನ್ ಹಾಕಿದರು. ಮಧ್ಯಾಹ್ನಕ್ಕೆ ಬಿಟ್ಟರು. ನಾನು ವ್ಯಾನನ್ನು ಬಾಗಿಲಿಗೇ ತಂದು ನಿಲ್ಲಿಸಿದೆ. ದೊಡ್ಡಪ್ಪ ಅದರ ಪಕ್ಕದಲ್ಲೇ, ಯಾರದೋ ಗಾಡಿಯನ್ನು ದಾಟುವ ಹಾಗೆ ದಾಟಿ, ದೊಡ್ಡಮ್ಮನ ಭುಜ ಹಿಡಿದುಕೊಂಡು ರಸ್ತೆಗೆ ಹೋದ. ಆಟೋ ಹತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ಕಡೂರು ಬಸ್ಸು ಹತ್ತಿದರು.

ನಾನು ಬಸ್ಸಿನ ಹಿಂದೆ ಹೊರಟೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಬಸ್ಸು ನಿಂತಲ್ಲಿ ನಿಂತೆ, ಹೊರಟಾಗ ಹೊರಟೆ. ಭದ್ರಾವತಿ ದಾಟಿತು. ಹಿಂದಿನ ಗಾಜಿನಲ್ಲಿ ಅವನ ಟವೆಲ್ಲು ಕಾಣುತ್ತಿತ್ತು. ತಲೆಯಲ್ಲಿ ಹತ್ತು ಡೈಲಾಗು ಬಂದವು. ಯಾವುದೂ ಈ ಕೆಲಸಕ್ಕೆ ಆಗುವಂಥದ್ದಲ್ಲ.

ತರೀಕೆರೆಯಲ್ಲಿ ಬಸ್ಸು ಐದು ನಿಮಿಷ ನಿಂತಿತು. ದೊಡ್ಡಪ್ಪ ಇಳಿದು, ಸೊಂಟ ಹಿಡಿದುಕೊಂಡು ಶೌಚಾಲಯದ ಕಡೆ ನಡೆದ. ಐದು ನಿಮಿಷ ಕಳೆಯಿತು. ಅವನಿಗೆ ಐದು ನಿಮಿಷದಲ್ಲಿ ಆಗುವುದಿಲ್ಲ, ನನಗೆ ಗೊತ್ತು. ಕಂಡಕ್ಟರ್ ವಿಷಲ್ ಊದಿದ. ದೊಡ್ಡಮ್ಮ ಕಿಟಕಿಯಿಂದ, "ಅಯ್ಯೋ ನಿಲ್ಸಪ್ಪಾ, ಮನೆಯೋರು ಬರ್ಬೇಕು!" ಎಂದು ಕೂಗಿದಳು. ಬಸ್ಸು ಅಲುಗಿತು. ನಾನು ವ್ಯಾನನ್ನು ತಂದು ಬಸ್ಸಿನ ಮುಂದೆ ಅಡ್ಡ ನಿಲ್ಲಿಸಿದೆ.

"ಏಯ್, ತಲೆ ಕೆಟ್ಟಿದ್ಯಾ? ತಗಿಯೋ ಗಾಡಿ!" ಡ್ರೈವರ್ ಅರಚಿದ.

"ಒಬ್ರು ಬರ್ಬೇಕು ಅಣ್ಣಾ. ಹುಷಾರಿಲ್ಲ ಅವರಿಗೆ."

ಜನ ಸೇರಿದರು. ಹಾರ್ನಿನ ಮೇಲೆ ಹಾರ್ನು. ಎಷ್ಟೋ ಹೊತ್ತಿನ ಮೇಲೆ ದೊಡ್ಡಪ್ಪ ಹೊರಗೆ ಬಂದ. ಪಂಚೆಯ ಅಂಚು ಒದ್ದೆಯಾಗಿತ್ತು, ಅದನ್ನು ಕೈಯಲ್ಲಿ ಹಿಡಿದು ಮುಚ್ಚಿಕೊಂಡಿದ್ದ. ಅಡ್ಡ ನಿಂತ ವ್ಯಾನನ್ನು ನೋಡಿದ. ಬೈಯುತ್ತಿದ್ದ ಕಂಡಕ್ಟರನ್ನು ನೋಡಿದ. ಬಸ್ಸಿನ ಮೆಟ್ಟಿಲ ಎತ್ತರವನ್ನೂ ನೋಡಿದ.

"ಇವಳೇ, ಇಳಿ," ಎಂದ.

ವ್ಯಾನಿನ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ. ಹಿಂದೆ ದೊಡ್ಡಮ್ಮ ಕೂತಳು. ಊರು ದಾಟಿದೆವು. ಒಂದು ಬೇವಿನಮರದ ಹತ್ತಿರ ನಿಲ್ಲಿಸು ಎಂದ. ಉಚ್ಚೆಗೆ ಇರಬೇಕೆಂದುಕೊಂಡೆ. ಅವನು ಇಳಿಯಲಿಲ್ಲ.

"ಗಾಡಿ ಆಫ್ ಮಾಡು."

ಮಾಡಿದೆ.

"ರಿಪೋರ್ಟ್ ಬಂದ ದಿನ ನಾನು ಹೊರಗೆ ಮಲಗಿದ್ನಲ್ಲ. ಒಳಗೆ ನಿಮ್ಮಿಬ್ರಿಗೆ ಡಾಕ್ಟ್ರು ಏನೇನಂದ್ರೋ ಎಲ್ಲಾ ಹೇಳು. ಇವತ್ತು ಅವರು ನನ್ನ ಮುಂದೆ ಹೇಳಿದ್ದು ಬ್ಯಾರೆ. ನಾನಿಲ್ದೆ ಇದ್ದಾಗ ಹೇಳಿದ್ದು ಬೇಕು."

ಹಿಂದಿನಿಂದ ದೊಡ್ಡಮ್ಮ, "ಈಗ್ಯಾಕೆ, ಮನೆಗೆ ಹೋದ ಮೇಲೆ..." ಎಂದಳು.

"ನೀನು ಸುಮ್ನಿರು. ಅವ್ನು ಹೇಳ್ಲಿ."

ನಾನು ಹೇಳಿದೆ. ಸ್ಟೇರಿಂಗ್ ಹಿಡಿದುಕೊಂಡು, ರಸ್ತೆ ನೋಡುತ್ತಾ ಹೇಳಿದೆ. ಗ್ರಂಥಿ ಎಲ್ಲಿದೆ ಎಂದದ್ದು, ಮೊದಲೇ ಬಂದಿದ್ದರೆ ಏನು ಮಾಡಬಹುದಿತ್ತು ಎಂದದ್ದು, ವಾಸಿ ಮಾಡುತ್ತೇನೆ ಎಂದು ಹೇಳುವುದಿಲ್ಲ ಎಂದದ್ದು. ನನ್ನ ಮಾತು ನನಗೇ ಸಪ್ಪೆಯಾಗಿ, ಚಿಕ್ಕದಾಗಿ ಕೇಳುತ್ತಿತ್ತು.

"ಅಷ್ಟೇನಾ?"

"ಇನ್ನೊಂದೈತೆ. ದೊಡ್ಡಮ್ಮ ಕೇಳಿದ್ಲು. ಎಷ್ಟು ದಿನ ಅಂತ."

"ಏನಂದ್ರು?"

ದೊಡ್ಡಮ್ಮನ ಕೈ ಹಿಂದಿನಿಂದ ನನ್ನ ಭುಜಕ್ಕೆ ಬಂತು. ಬೇಡ ಎಂದು ಹಿಡಿದಳೋ, ಹೇಳು ಎಂದು ಹಿಡಿದಳೋ ಗೊತ್ತಾಗಲಿಲ್ಲ.

"ಕೆಲವರು ಎರಡು ಮೂರು ವರ್ಷ ಅಂದ್ರು. ಕೆಲವರು ಐದು ದಾಟ್ತಾರೆ ಅಂದ್ರು. ಇನ್ನೂ ಮೇಲೂ ಇರೋರಿದಾರಂತೆ. ನಿಂಗೆ ಇಷ್ಟೇ ಅಂತ ಯಾರೂ ಹೇಳಕ್ಕಾಗಲ್ಲ ಅಂದ್ರು ದೊಡ್ಡಪ್ಪ."

ಅವನು ಗಾಜಿನಾಚೆ ನೋಡಿದ. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

"ಹ್ಞೂಂ," ಎಂದ. "ಇದನ್ನ ಮೊದ್ಲೇ ಹೇಳಿದ್ರೆ ಆಗ್ತಿತ್ತು."

ಆಮೇಲೆ ಬಾಗಿಲು ತೆಗೆದು, ಉಚ್ಚೆಗೆ ಇಳಿಯಲು ಆಸರೆಗೆಂದು ನನ್ನ ಕಡೆ ಕೈ ಚಾಚಿದ.